ಅಕ್ಕನ ಕಥೆಯನ್ನು ಓದುವ ಬಗೆ: ಕಲ್ಯಾಣದ ಕಾದಂಬರಿಗಳ ಕುರಿತು ಒಂದು ಸಂವಾದ

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ವಸ್ತುವಾಗಿಸಿಕೊಂಡ ಕಾದಂಬರಿಗಳು ಕನ್ನಡದಲ್ಲಿ ಹಲವಿವೆ. ಬಸವಣ್ಣ, ಅಲ್ಲಮ, ಅರಸ ಬಿಜ್ಜಳ ಇವರ ಸುತ್ತ ಬೆಳೆದ ಆ ಕಥನಗಳ ಒಳಗೆ ಮೂವರು ಸ್ತ್ರೀಯರ ಕಥೆಯೂ ಅಡಗಿದೆ: ಬಸವಣ್ಣನ ಅಕ್ಕ ನಾಗಮ್ಮ, ಅವನ ಪತ್ನಿಯರಾಗಿ ಒಂದೇ ಮನೆಯಲ್ಲಿ ಬಾಳಿದ ಗಂಗಾಂಬಿಕೆ ಮತ್ತು ನೀಲಾಂಬಿಕೆ. ಪ್ರೇಮ ಮತ್ತು ಸಹೋದರಿತ್ವ ಎಂಬ ಎರಡು ಎಳೆಗಳು ಇಲ್ಲಿ ಧರ್ಮ ಹಾಗೂ ರಾಜಕಾರಣದ ಹುರಿಯೊಳಗೆ ಸೇರಿಕೊಂಡಿರುವುದರಿಂದ, ಅಂಥ ಕಾದಂಬರಿಯನ್ನು ಓದುವುದು ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಆ ಕಷ್ಟದ ಸ್ವರೂಪವನ್ನು ಕುರಿತ ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಹುಮನಾಬಾದಿನ ಒಬ್ಬ ಓದುಗ, ಬಸವಕಲ್ಯಾಣದ ಒಬ್ಬ ವಿಮರ್ಶಕಿ.

ಓದುಗ: ಕಠಿಣವಾದ ಕಾದಂಬರಿ ಎಂದಾಗ ವಾಕ್ಯಗಳು ಜಟಿಲವಾಗಿರುವ, ಕಾಲ ಹಿಂದುಮುಂದಾಗಿರುವ, ಕಥೆ ಹೇಳುವ ನಿರೂಪಕನನ್ನೇ ನಂಬಲಾಗದ ಕೃತಿ ನೆನಪಿಗೆ ಬರುತ್ತದೆ. ಕಲ್ಯಾಣದ ಕಾದಂಬರಿಗಳಲ್ಲಿ ಅಂಥ ತೊಡಕು ವಿರಳ. 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿಕಲ್ಯಾಣ’ ಆರು ಕಾದಂಬರಿಗಳ ಮಾಲೆಗೆ ಸೇರಿದ್ದರಿಂದ ಅದರ ಹರವು ದೊಡ್ಡದು ಎನ್ನಬಹುದೇ ಹೊರತು, ಓದಿನ ದಾರಿಯಲ್ಲಿ ಅದು ಯಾರನ್ನೂ ದಿಕ್ಕು ತಪ್ಪಿಸುವುದಿಲ್ಲ. ಹಾಗಿರುವಾಗ ಕಷ್ಟವೆಂಬುದು ಎಲ್ಲಿದೆ?

ವಿಮರ್ಶಕಿ: ಕಷ್ಟ ಪುಟದಲ್ಲಿಲ್ಲ, ಪುಟ ತೆರೆಯುವ ಮೊದಲೇ ಓದುಗರ ಮನಸ್ಸಿನಲ್ಲಿ ನೆಲೆಸಿರುವ ಕಥೆಯಲ್ಲಿದೆ. 1920ರಲ್ಲಿ ಪ್ರಕಟವಾದ ಡಿ.ಎಚ್. ಲಾರೆನ್ಸ್‌ನ ‘ವಿಮೆನ್ ಇನ್ ಲವ್’ ಕಾದಂಬರಿಯ ಅರ್ಸುಲಾ ಮತ್ತು ಗುದ್ರೂನ್ ಎಂಬ ಸಹೋದರಿಯರಾಗಲಿ, ಜಪಾನಿನ ತಾನಿಜಾಕಿ ಚಿತ್ರಿಸಿದ ಮಕಿಯೋಕ ಮನೆತನದ ನಾಲ್ವರು ಅಕ್ಕತಂಗಿಯರಾಗಲಿ, ಓದುಗರಿಗೆ ಮೊದಲ ಪುಟದಲ್ಲಿಯೇ ಪರಿಚಯವಾಗುವವರು. ಅವರನ್ನು ಮೆಚ್ಚುವುದೂ ಬಿಡುವುದೂ ಆಮೇಲಿನ ಮಾತು. ಬಸವಕಲ್ಯಾಣದಲ್ಲಾದರೋ ಅಕ್ಕ ನಾಗಮ್ಮನ ಗವಿ ಎಂದು ಜನ ತೋರಿಸುವ ಸ್ಥಳವಿದೆ, ಅಲ್ಲಿಗೆ ಹೋಗಿ ಕೈಮುಗಿದು ಬರುವವರಿದ್ದಾರೆ. ಕೈಮುಗಿದು ಬಂದವರೇ ಮನೆಯಲ್ಲಿ ಕುಳಿತು ಅದೇ ನಾಗಮ್ಮನನ್ನು ಕಾದಂಬರಿಯ ಪಾತ್ರವಾಗಿ ಓದಬೇಕಾದಾಗ, ಪೂಜ್ಯಳೆಂದು ನಂಬಿದ ವ್ಯಕ್ತಿಯ ಸಂಶಯ, ಸಿಟ್ಟು, ಒಲವು, ಒಂಟಿತನಗಳನ್ನು ಒಪ್ಪಿಕೊಳ್ಳುವ ಹೊರೆ ಓದಿನ ಮೇಲೆ ಬೀಳುತ್ತದೆ.

ಓದುಗ: ಭಕ್ತಿಯನ್ನು ಓದಿನ ಅಡ್ಡಿಯೆಂದು ಎಣಿಸುವುದು ಅವಸರದ ತೀರ್ಮಾನವಾದೀತು. ಅರಮನೆಯ ಶಾಸನಗಳು ನಾಗಮ್ಮನ ಹೆಸರನ್ನು ಉಳಿಸಲಿಲ್ಲ. ಮಠಗಳ ಪಾರಾಯಣ, ಭಜನೆ, ಜಾತ್ರೆ, ಸ್ಥಳಕಥೆಗಳು ಉಳಿಸಿದವು. ಕಾದಂಬರಿಕಾರನಿಗೆ ಪಾತ್ರ ದೊರೆತದ್ದೇ ಆ ಭಕ್ತಿಯಿಂದ.

ವಿಮರ್ಶಕಿ: ಆ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಭಕ್ತಿ ಉಳಿಸಿಕೊಟ್ಟ ಕಥೆಯಲ್ಲಿ ಪದರಗಳಿವೆ, ಅವುಗಳನ್ನು ಬಿಡಿಸಿ ನೋಡುವುದು ಓದಿನ ಮೊದಲ ಕೆಲಸ. ಮೊದಲ ಪದರ ವಚನಗಳದು. ವಚನವೆಂದರೆ ಶರಣರು ಗದ್ಯದ ಲಯದಲ್ಲಿ ಆಡಿದ, ಕೊನೆಗೆ ಅಂಕಿತ ಹೊತ್ತ ಮಾತು, ಅಂಕಿತವೆಂದರೆ ರಚಿಸಿದವರನ್ನು ಗುರುತಿಸಲು ನೆರವಾಗುವ ಇಷ್ಟದೈವದ ಹೆಸರು. ನಾಗಮ್ಮನ ಅಂಕಿತ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’, ಗಂಗಾಂಬಿಕೆಯದು ‘ಗಂಗಾಪ್ರಿಯ ಕೂಡಲಸಂಗಮದೇವ’, ನೀಲಾಂಬಿಕೆಯದು ‘ಸಂಗಯ್ಯ’. ಎರಡನೆಯ ಪದರ ಪುರಾಣಗಳದು: ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣ, 1584ರ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ. ಇವು ಘಟನೆ ನಡೆದು ತಲೆಮಾರುಗಳು, ಕೆಲವೊಮ್ಮೆ ಶತಮಾನಗಳೇ ಕಳೆದ ಮೇಲೆ ಹುಟ್ಟಿದವು. ಪವಾಡ ಇವುಗಳ ಸಹಜ ಭಾಷೆ. ಮೂರನೆಯ ಪದರ ಇಪ್ಪತ್ತನೆಯ ಶತಮಾನದ ಕಾದಂಬರಿಕಾರರ ಊಹೆ. ಓದುವಾಗ ಮೂರೂ ಒಂದೇ ಬಣ್ಣದಲ್ಲಿ ಕಂಡರೆ ನಾಗಮ್ಮನೂ ಕಾಣುವುದಿಲ್ಲ, ಕಾದಂಬರಿಕಾರನ ಕೌಶಲವೂ ಕಾಣುವುದಿಲ್ಲ.

ಓದುಗ: ಮೊದಲ ಪದರವನ್ನೇ ಪ್ರಮಾಣವೆಂದು ಹಿಡಿದರೆ ಒಂದು ತೊಂದರೆ ಎದುರಾಗುತ್ತದೆ. ನಾಗಮ್ಮ ತನ್ನ ಅಂಕಿತದಲ್ಲಿಯೇ ತಮ್ಮನ ಹೆಸರನ್ನು ಇಟ್ಟುಕೊಂಡವಳು. ಹಾಗಾದರೆ ಅವಳನ್ನು ತಮ್ಮನ ನೆರಳಿನಲ್ಲಿ ನಿಲ್ಲಿಸುವ ಕಾದಂಬರಿ ಅವಳಿಗೆ ಅನ್ಯಾಯ ಮಾಡಿತೆಂದು ದೂರುವುದು ಹೇಗೆ? ಅದು ಅವಳ ಇಚ್ಛೆಯನ್ನೇ ಪಾಲಿಸಿದಂತೆ ತೋರುತ್ತದೆ.

ವಿಮರ್ಶಕಿ: ಹುಮನಾಬಾದಿಗೆ ಸಮೀಪದ ಜಲಸಂಗ್ವಿಯ ಚಾಲುಕ್ಯ ದೇವಾಲಯದಲ್ಲಿ ಈ ಪ್ರಶ್ನೆಗೆ ನೆರವಾಗುವ ಒಂದು ಶಿಲ್ಪವಿದೆ. ಗೋಡೆಯ ಮೇಲಿನ ಶಿಲಾಬಾಲಿಕೆ ಕಲ್ಲಿನ ಫಲಕದ ಮೇಲೆ ಅಕ್ಷರ ಬರೆಯುತ್ತಿರುವಂತೆ ಕೆತ್ತಲಾಗಿದ್ದು, ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಪ್ರಶಂಸೆಯ ಸಂಸ್ಕೃತ ಸಾಲು. ಬರೆಯುವ ಭಂಗಿ ಹೆಣ್ಣಿನದು, ಬರಹ ಅರಸನ ಆಸ್ಥಾನದ್ದು. ಆ ಬಾಲಿಕೆಗೆ ಹೇಳಲು ಬೇರೇನಾದರೂ ಇತ್ತೇ ಎಂಬ ಪ್ರಶ್ನೆಗೆ ಶಿಲ್ಪದಲ್ಲಿ ಎಡೆಯಿಲ್ಲ. ನಾಗಮ್ಮನ ವಚನದಲ್ಲಿ ಸ್ಥಿತಿ ತಿರುವುಮುರುವಾಗಿದೆ. ಅಂಕಿತದಲ್ಲಿ ತಮ್ಮನ ಹೆಸರು ಬಂದರೂ ಮಾತು ಅವಳದೇ, ನಿರ್ಣಯ ಅವಳದೇ, ತಮ್ಮನನ್ನು ಅಳೆಯುವ ಅಧಿಕಾರವೂ ಅವಳದೇ. ಕಾದಂಬರಿಯೊಂದು ಅವಳನ್ನು ಅಡುಗೆ, ಆರತಿ, ಕಣ್ಣೀರುಗಳಿಗೆ ಸೀಮಿತಗೊಳಿಸಿದರೆ, ಅದು ವಚನಕಾರ್ತಿಯನ್ನು ಬಿಟ್ಟು ಶಿಲಾಬಾಲಿಕೆಯನ್ನು ಆರಿಸಿಕೊಂಡಂತಾಗುತ್ತದೆ.

ಓದುಗ: ‘ಮಾತು ಅವಳದೇ’ ಎಂಬುದೂ ಪೂರ್ತಿ ನಿಶ್ಚಿತವಲ್ಲ. ಕೈಗೆ ಸಿಗುವ ವಚನಕಟ್ಟುಗಳು ಬಹಳ ಕಾಲದ ಮೇಲೆ ಪ್ರತಿಯಾದವು. ಅವನ್ನು ಹುಡುಕಿ ಮುದ್ರಣಕ್ಕೆ ತರಲು ಫ.ಗು. ಹಳಕಟ್ಟಿಯಂಥವರು ಬಾಳನ್ನೇ ಸವೆಸಬೇಕಾಯಿತು. ಹದಿನೈದನೆಯ ಶತಮಾನದಿಂದ ರೂಪುಗೊಂಡ ಶೂನ್ಯಸಂಪಾದನೆಗಳಂತೂ, ಬಿಡಿಬಿಡಿಯಾಗಿದ್ದ ವಚನಗಳನ್ನು ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರಿಸಿದಂತೆ ಜೋಡಿಸಿ ಸಂವಾದವನ್ನಾಗಿಸಿದ ಸಂಕಲನಗಳು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ಪರೀಕ್ಷಿಸಿದ ಪ್ರಸಂಗ ಇಂದು ಎಲ್ಲರ ಮನಸ್ಸಿನಲ್ಲಿ ನಿಂತಿರುವ ರೀತಿ ಆ ಜೋಡಣೆಯ ಫಲ. ಸಂಕಲನಕಾರರು ಮಾಡಬಹುದಾದ್ದನ್ನು ಕಾದಂಬರಿಕಾರ ಮಾಡಿದರೆ ಮಾತ್ರ ಆಕ್ಷೇಪವೇಕೆ?

ವಿಮರ್ಶಕಿ: ಆಕ್ಷೇಪ ಜೋಡಣೆಗಲ್ಲ, ಬೆಸುಗೆಯನ್ನು ಮರೆಮಾಡುವುದಕ್ಕೆ. ಶೂನ್ಯಸಂಪಾದನೆಯಲ್ಲಿ ವಚನ ವಚನವಾಗಿಯೇ ನಿಲ್ಲುತ್ತದೆ. ಸಂಕಲನಕಾರ ತನ್ನ ಗದ್ಯದ ಸೇತುವನ್ನು ಬೇರೆಯಾಗಿ ಕಟ್ಟುತ್ತಾನೆ, ಆದ್ದರಿಂದ ಎಲ್ಲಿ ಶರಣೆಯ ಮಾತು ಮುಗಿದು ಎಲ್ಲಿ ವ್ಯಾಖ್ಯಾನ ಆರಂಭವಾಯಿತೆಂದು ಓದುಗರಿಗೆ ತಿಳಿಯುತ್ತದೆ. ಕಾದಂಬರಿಯ ಸ್ವಭಾವ ಬೇರೆ. ಪಾತ್ರದ ಒಳಮನಸ್ಸಿನ ಮಾತು, ನಡೆದ ಘಟನೆ, ಲೇಖಕನ ಕಲ್ಪನೆ ಮೂರನ್ನೂ ಒಂದೇ ಹರಿವಿನ ಗದ್ಯದಲ್ಲಿ ಬೆರೆಸುವುದೇ ಅದರ ಶಕ್ತಿ. ಆ ಶಕ್ತಿಯನ್ನು ಒಪ್ಪಿಕೊಂಡೇ, ಕೂಡಿದ್ದನ್ನು ಓದಿನ ಹಂತದಲ್ಲಿ ಮತ್ತೆ ಬಿಡಿಸಬೇಕಾಗುತ್ತದೆ.

ಓದುಗ: ಇನ್ನು ಪ್ರೇಮದ ವಿಷಯಕ್ಕೆ ಬರುವುದಾದರೆ, ಸಹೋದರಿಯರ ಕಾದಂಬರಿಗೆ ಜಗತ್ತಿನ ಸಾಹಿತ್ಯದಲ್ಲಿ ಒಂದು ರೂಢಿಯ ಕಟ್ಟುವಿಕೆಯಿದೆ: ಒಂದೇ ಮನೆಯಲ್ಲಿ ಬೆಳೆದ ಇಬ್ಬರು ಎರಡು ಬಗೆಯಲ್ಲಿ ಪ್ರೀತಿಸುತ್ತಾರೆ, ಓದುಗರು ಒಬ್ಬಳನ್ನು ಇನ್ನೊಬ್ಬಳ ಬೆಳಕಿನಲ್ಲಿ ಅರಿಯುತ್ತಾರೆ. ಕಲ್ಯಾಣದಲ್ಲಿ ಈ ಕಟ್ಟುವಿಕೆ ನಿಲ್ಲುವುದಿಲ್ಲ. ಗಂಗಾಂಬಿಕೆ, ನೀಲಾಂಬಿಕೆ ಒಡಹುಟ್ಟಿದವರಲ್ಲ, ಒಬ್ಬನ ಪತ್ನಿಯರು. ಅವರ ನಡುವೆ ಆಯ್ಕೆಯ ಪ್ರಶ್ನೆಯೇ ಇಲ್ಲ.

ವಿಮರ್ಶಕಿ: ಹೋಲಿಕೆಯ ತತ್ತ್ವ ಇಲ್ಲಿಯೂ ಇದೆ, ಆದರೆ ಅದು ಮದುವೆಯ ಮುಂಚೆ ಯಾರನ್ನು ವರಿಸಬೇಕೆಂಬಲ್ಲಿ ಕೆಲಸ ಮಾಡದೆ, ಎಲ್ಲವೂ ಮುರಿದು ಬಿದ್ದ ಮೇಲೆ ಅಗಲಿಕೆಯನ್ನು ಹೇಗೆ ತಾಳಬೇಕೆಂಬಲ್ಲಿ ಕೆಲಸ ಮಾಡುತ್ತದೆ. ಪರಂಪರೆಯ ಪ್ರಕಾರ ಗಂಗಾಂಬಿಕೆ ಮಂತ್ರಿ ಬಲದೇವನ ಮಗಳು. ನೀಲಾಂಬಿಕೆಯನ್ನು ಬಿಜ್ಜಳನ ಸಾಕುತಂಗಿಯೆಂದು ಹೇಳುವ ಕಥನವಿದೆ, ಆ ಕಥನವನ್ನು ಒಪ್ಪಿದರೆ ಅವಳು ಅರಸನಿಗೆ ತಂಗಿಯೂ ಅರಸನ ಎದುರಾಳಿಗೆ ಮಡದಿಯೂ ಆಗಿ ಎರಡು ನಿಷ್ಠೆಗಳ ನಡುವೆ ನಿಲ್ಲುತ್ತಾಳೆ. ಶರಣರನ್ನು ಚದುರಿಸಿದ ಕಲ್ಯಾಣದ ಕ್ಷೋಭೆಯ ನಂತರ ಮೂವರೂ ಮೂರು ದಿಕ್ಕಾದರು. ನೀಲಾಂಬಿಕೆಯ ನೆನಪು ಕೃಷ್ಣಾ ತೀರದ ತಂಗಡಗಿಯಲ್ಲಿದೆ: ಬಸವಣ್ಣ ಕೂಡಲಸಂಗಮದಿಂದ ಹಡಪದ ಅಪ್ಪಣ್ಣನ ಮೂಲಕ ಹೇಳಿಕಳುಹಿಸಿದಾಗ ಹೊರಟು ಬಂದ ಅವಳು, ಅಲ್ಲಿರುವ ಸಂಗಮ ಇಲ್ಲಿಯೂ ಇದ್ದಾನೆಂಬ ಅರಿವಿನಿಂದ ದಾರಿಯಲ್ಲಿಯೇ ಐಕ್ಯಳಾದಳೆಂದು ಜನ ನಂಬುತ್ತಾರೆ, ಐಕ್ಯವೆಂದರೆ ಶರಣ ಪರಿಭಾಷೆಯಲ್ಲಿ ಲಿಂಗದೊಡನೆ ಒಂದಾಗುವ ಕೊನೆಯ ನೆಲೆ. ಗಂಗಾಂಬಿಕೆಯ ಐಕ್ಯಮಂಟಪ ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಮಡಿಲಲ್ಲಿದೆ. ನಾಗಮ್ಮ ಮಗ ಚೆನ್ನಬಸವಣ್ಣನೊಡನೆ ಉಳವಿಯ ಕಡೆಗೆ ಹೊರಟ ಶರಣರ ದಂಡಿನಲ್ಲಿದ್ದಳು. ಒಬ್ಬಳು ಹೋಗಿ ಸೇರುವುದನ್ನು ಬಿಟ್ಟುಕೊಟ್ಟು ಪ್ರೀತಿಯನ್ನು ಪೂರ್ಣಗೊಳಿಸಿದಳು, ಇನ್ನೊಬ್ಬಳು ದಾರಿಯ ಕಷ್ಟದಲ್ಲಿ ಬಾಳು ಮುಗಿಸಿದಳು, ಮತ್ತೊಬ್ಬಳು ವಚನದ ಕಟ್ಟುಗಳನ್ನೂ ಜನರನ್ನೂ ಕಾಯುತ್ತ ನಡೆದಳು. ಮೂರು ಬಗೆಯ ಪ್ರೀತಿಯನ್ನು ಹೋಲಿಸಲು ಇದಕ್ಕಿಂತ ಸಮೃದ್ಧವಾದ ವಸ್ತು ಯಾವ ಕಾದಂಬರಿಕಾರನಿಗೂ ಸುಲಭವಾಗಿ ದೊರೆಯದು.

ಓದುಗ: ವಸ್ತು ಸಮೃದ್ಧವಾಗಿದ್ದರೂ ಲೇಖಕರು ಅದರ ಮೇಲೆ ತಮ್ಮ ಕಾಲದ ಪ್ರೇಮವನ್ನು ಹೇರುವ ಅಪಾಯವಿದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹವನ್ನೇ ನೋಡಬಹುದು. ಪರಂಪರೆಯ ಕಥನದಲ್ಲಿ ಅದು ಚರ್ಮಕಾರ ಕುಲದಿಂದ ಬಂದ ಶರಣನೂ ಬ್ರಾಹ್ಮಣ ಕುಲದಿಂದ ಬಂದ ಶರಣನೂ ಸಮಾನತೆಯ ನಂಬಿಕೆಯಿಂದ ಕೈಗೊಂಡ ನಿರ್ಧಾರ. ಅದಕ್ಕಾಗಿ ಇಬ್ಬರು ತಂದೆಯರೂ ಪ್ರಾಣ ತೆತ್ತರು. ವಧೂವರರ ಮನಸ್ಸಿನ ಬಗ್ಗೆ ಆ ಕಥನ ಮಾತೇ ಆಡುವುದಿಲ್ಲ. ಅಲ್ಲಿಗೆ ಪ್ರಣಯವನ್ನು ತಂದು ತುಂಬಿದರೆ, ನಂಬಿಕೆಗಾಗಿ ನಡೆದ ಬಲಿದಾನ ಪ್ರೇಮಕಥೆಯ ದುರಂತವಾಗಿ ಕಿರಿದಾಗುತ್ತದೆ.

ವಿಮರ್ಶಕಿ: ತಂದೆಯರ ಬಲಿದಾನವನ್ನು ಮಾತ್ರ ಹೇಳಿ ಮಕ್ಕಳ ಮನಸ್ಸನ್ನು ಕೇಳದೆ ಬಿಡುವುದೂ ಒಂದು ಬಗೆಯ ಕಿರಿದುಮಾಡುವಿಕೆಯೇ. ಆ ಹುಡುಗಿ ಒಪ್ಪಿದ್ದಳೇ, ಹೆದರಿದ್ದಳೇ, ತಂದೆಯ ನಂಬಿಕೆ ಅವಳದೂ ಆಗಿತ್ತೇ ಎಂದು ಕೇಳುವ ಹಕ್ಕು ಕಾದಂಬರಿಗಿದೆ. ಪ್ರೇಮವನ್ನು ತುಂಬಿದ್ದೇ ತಪ್ಪೆನ್ನುವುದಕ್ಕಿಂತ, ತುಂಬಿದ ಪ್ರೇಮ ಆ ಹೆಣ್ಣನ್ನು ನಿರ್ಧಾರ ಕೈಗೊಳ್ಳುವವಳನ್ನಾಗಿ ಮಾಡಿತೇ ಅಥವಾ ಇನ್ನೊಬ್ಬರ ನಿರ್ಧಾರಕ್ಕೆ ಅಲಂಕಾರವಾಗಿಸಿತೇ ಎಂದು ನೋಡುವುದು ಮೇಲು. ನಾಗಮ್ಮನ ವಿಷಯಕ್ಕೂ ಇದೇ ಒರೆಗಲ್ಲು: ಬಸವಣ್ಣ ಇಲ್ಲದ ಪುಟಗಳಲ್ಲಿ ಅವಳು ಏನು ಮಾಡುತ್ತಾಳೆ? ಅಂಥ ಪುಟಗಳೇ ಇಲ್ಲದಿದ್ದರೆ ಕೃತಿ ಅಕ್ಕನ ಹೆಸರನ್ನು ಬಳಸಿಕೊಂಡಿತೆಂದೇ ಹೊರತು ಅಕ್ಕನನ್ನು ಬರೆಯಿತೆಂದು ಹೇಳಲಾಗದು.

ಓದುಗ: ಅಂಥ ಪುಟಗಳನ್ನು ಬರೆದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ 1995ರಲ್ಲಿ ಪ್ರಕಟವಾಯಿತು. ಅದರಲ್ಲಿ ಅಕ್ಕ ನಾಗಮ್ಮನನ್ನು ಚಿತ್ರಿಸಿದ ರೀತಿ ಬಸವಾನುಯಾಯಿಗಳ ಭಾವನೆಗೆ ನೋವುಂಟುಮಾಡುತ್ತದೆಂಬ ಆಕ್ಷೇಪ ಬಲವಾಗಿ ಎದ್ದು, 1997ರಲ್ಲಿ ಕರ್ನಾಟಕ ಸರ್ಕಾರ ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಮುಟ್ಟುಗೋಲು ಎಂದರೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನ ಅನ್ವಯ ಪುಸ್ತಕದ ಪ್ರತಿಗಳನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಳ್ಳುವ ಕ್ರಮ. ಬರಗೂರು ರಾಮಚಂದ್ರಪ್ಪ ಮೊದಲಾದವರು ಅದನ್ನು ಪ್ರಶ್ನಿಸಿದರೂ 2007ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು.

ವಿಮರ್ಶಕಿ: ಕಾನೂನಿನ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಟ್ಟಿದೆ, ಓದಿನ ಪ್ರಶ್ನೆ ಹಾಗೆಯೇ ಉಳಿದಿದೆ. ರಾಜ್ಯ, ಜಾತಿ, ಹತ್ಯೆಗಳಿಂದ ತುಂಬಿದ ಕಲ್ಯಾಣದ ಕಥೆಯಲ್ಲಿ ವಿವಾದ ಹೊತ್ತಿಕೊಂಡದ್ದು ಒಬ್ಬ ಅಕ್ಕನ ಖಾಸಗಿ ಬದುಕಿನ ಸುತ್ತ ಎಂಬುದನ್ನು ಗಮನಿಸಬೇಕು. ನಾಗಮ್ಮನ ಪತಿ ಶಿವಸ್ವಾಮಿಯೆಂದು ಹೆಸರಿಸುವ ಪರಂಪರೆಯಿದೆ. ಚೆನ್ನಬಸವಣ್ಣನ ಜನನವನ್ನು ಪ್ರಸಾದದ ಮಹಿಮೆಯೆಂದು ವರ್ಣಿಸುವ ಪುರಾಣಗಳೂ ಇವೆ. ಪವಾಡವನ್ನು ನಂಬುವವರಿಗೆ ಅಲ್ಲಿ ವಿವರಣೆಯ ಅಗತ್ಯವಿಲ್ಲ, ವಾಸ್ತವವಾದಿ ಕಾದಂಬರಿಗೆ ವಿವರಣೆಯಿಲ್ಲದೆ ಮುಂದೆ ಹೋಗಲಾಗದು. ಎರಡು ಪ್ರಕಾರಗಳ ನಿಯಮಗಳು ಒಬ್ಬಳೇ ಹೆಣ್ಣಿನ ಮೇಲೆ ಡಿಕ್ಕಿ ಹೊಡೆದಾಗ ನೋವಾದದ್ದು ಸುಳ್ಳಲ್ಲ. ಆದರೆ ಆ ಗದ್ದಲದಲ್ಲಿ ಎರಡೂ ಪಕ್ಷಗಳು ನಾಗಮ್ಮನನ್ನು ತಾಯ್ತನದ ಒಂದೇ ಪ್ರಶ್ನೆಗೆ ಕಟ್ಟಿಹಾಕಿದವು. ಅವಳ ವಚನಗಳಲ್ಲಿ ಏನಿದೆ ಎಂದು ಕೇಳಿದ ದನಿ ಕ್ಷೀಣವಾಗಿತ್ತು.

ಓದುಗ: ವಚನ, ಪುರಾಣಗಳ ಹೊರಗೆ ನಿಂತು ಆ ಕಾಲದ ಸಹೋದರಿಯ ಸ್ಥಿತಿಯನ್ನು ತಿಳಿಯುವ ದಾರಿ ಕಲ್ಯಾಣದಲ್ಲಿಯೇ ಇದೆಯಲ್ಲವೇ? ವಿಜ್ಞಾನೇಶ್ವರನ ಗವಿಯೆಂದು ಕರೆಯುವ ಸ್ಥಳವೂ ಬಸವಕಲ್ಯಾಣದಲ್ಲಿದೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ತಂದೆಯ ಆಸ್ತಿ ಸಹೋದರರಲ್ಲಿ ಹಂಚಿಕೆಯಾಗುವಾಗ ಮದುವೆಯಾಗದ ಸಹೋದರಿಗೆ, ಅವಳು ಗಂಡಾಗಿದ್ದರೆ ಬರುತ್ತಿದ್ದ ಪಾಲಿನ ನಾಲ್ಕನೆಯ ಒಂದಂಶ ಸಲ್ಲಬೇಕೆಂದು ಅವನು ವಿವರಿಸುತ್ತಾನೆ. ಅದು ಬರಿಯ ಮದುವೆಯ ಖರ್ಚು ಎಂಬ ಅರ್ಥವನ್ನು ಒಪ್ಪುವುದಿಲ್ಲ.

ವಿಮರ್ಶಕಿ: ಕಾದಂಬರಿಯ ಓದಿಗೆ ಅತ್ಯಂತ ಉಪಯುಕ್ತವಾದ ವಿವರ ಇದೇ ಇರಬಹುದು. ಬಸವಣ್ಣ ಉಪನಯನವನ್ನು ತಿರಸ್ಕರಿಸಿ ಮನೆ ತೊರೆದಾಗ ನಾಗಮ್ಮ ಅವನ ಜೊತೆ ನಿಂತಳೆಂದು ಹೇಳುವ ಕಥನವನ್ನು ಈ ಹಿನ್ನೆಲೆಯಲ್ಲಿ ಓದಿದರೆ, ಅವಳ ನಡೆ ಬರಿಯ ವಾತ್ಸಲ್ಯವಾಗಿ ಉಳಿಯುವುದಿಲ್ಲ. ತವರಿನ ಆಸರೆಯನ್ನೂ ಕುಲದ ಮನ್ನಣೆಯನ್ನೂ ಪಣವಾಗಿಡುವ ನಿರ್ಧಾರವಾಗುತ್ತದೆ. ಮಿತಾಕ್ಷರದ ಸಿದ್ಧಾಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ತನಕ ಭಾರತದ ಬಹುಭಾಗದ ಹಿಂದೂ ಕುಟುಂಬಗಳನ್ನು ನಿಯಂತ್ರಿಸಿತು, ಆಮೇಲೂ ಅವಿಭಕ್ತ ಆಸ್ತಿಯಲ್ಲಿ ಮುಂದುವರಿಯಿತು. ಹೆಣ್ಣುಮಕ್ಕಳಿಗೆ ಅಲ್ಲಿ ಹುಟ್ಟಿನಿಂದಲೇ ಸಮಾನ ಹಕ್ಕು ದೊರೆತದ್ದು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಲ್ಲಿ 2005ರ ತಿದ್ದುಪಡಿಯಿಂದ. ಸಹೋದರಿಯ ಪಾಲು ಕಾಲುಭಾಗವೆಂದು ಬರೆದ ಊರಿನಲ್ಲಿಯೇ, ಅದಾದ ಕೆಲವೇ ದಶಕಗಳಲ್ಲಿ ಸಹೋದರಿಯೊಬ್ಬಳು ಶರಣರ ಅನುಭವಗೋಷ್ಠಿಯ ಪೂರ್ಣ ಪಾಲುಗಾರ್ತಿಯಾದಳೆಂಬುದು ಕಾದಂಬರಿಕಾರರು ಇನ್ನೂ ಪೂರ್ತಿಯಾಗಿ ಬಳಸಿಕೊಳ್ಳದ ವೈರುಧ್ಯ.

ಓದುಗ: ಈ ಸೀಮೆಯ ಓದುಗರಿಗೆ ಇನ್ನೊಂದು ತಡೆಯೂ ಎದುರಾಗುತ್ತದೆ. ಕನ್ನಡ, ಮರಾಠಿ, ದಖನಿ ಮೂರೂ ಓಣಿಯಲ್ಲಿಯೇ ಕಿವಿಗೆ ಬೀಳುವ ಊರಿನವರಿಗೆ, ಕಲ್ಯಾಣದ ಪಾತ್ರಗಳೆಲ್ಲ ಮೈಸೂರು ಕಡೆಯ ಗ್ರಾಂಥಿಕ ಕನ್ನಡದಲ್ಲಿ ಮಾತನಾಡುವುದನ್ನು ಓದುವಾಗ ತಮ್ಮ ಊರಿನ ಕಥೆಯನ್ನು ದೂರದವರಿಂದ ಕೇಳಿದಂತಾಗುತ್ತದೆ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೀತಾ ನಾಗಭೂಷಣರ ‘ಬದುಕು’ ಕಲಬುರ್ಗಿ ಸೀಮೆಯ ಆಡುಮಾತನ್ನೇ ಕಾದಂಬರಿಯ ಭಾಷೆಯಾಗಿಸಿದ ಮೇಲೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ.

ವಿಮರ್ಶಕಿ: ಹನ್ನೆರಡನೆಯ ಶತಮಾನದ ಆಡುಮಾತು ಇಂದಿನ ಬೀದರ್ ಕನ್ನಡವೂ ಆಗಿರಲಿಲ್ಲವೆಂಬುದನ್ನು ಮರೆಯಬಾರದು. ಆದರೂ ಗ್ರಾಂಥಿಕ ಭಾಷೆ ಎಲ್ಲರನ್ನೂ ಒಂದೇ ಎತ್ತರದಲ್ಲಿ ನಿಲ್ಲಿಸಿಬಿಡುತ್ತದೆ. ಅಕ್ಕ ತಮ್ಮನನ್ನು ಗದರಿಸುವ ಸಲುಗೆಗೆ ಅಲ್ಲಿ ಜಾಗ ಸಿಗುವುದಿಲ್ಲ. ಆದ್ದರಿಂದ ಓದುವ ಕ್ರಮವನ್ನು ಹೀಗೆ ಸೂಚಿಸಬಹುದು: 15 ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಶರಣೆಯರಿಗೇ ಮೀಸಲಾದ ಸಂಪುಟವಿದ್ದು, ಅದರಲ್ಲಿ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ಮಾತುಗಳಿವೆ, ಮೊದಲು ಅಲ್ಲಿ ಈ ಮೂವರ ವಚನಗಳನ್ನು ಓದಬೇಕು. ಆಮೇಲೆ ಕಾದಂಬರಿಯನ್ನು ಎರಡು ಸಲ ಓದಬೇಕು: ಮೊದಲ ಸಲ ಕಥೆಗೆ ಒಪ್ಪಿಸಿಕೊಂಡು, ಎರಡನೆಯ ಸಲ ಪ್ರತಿ ಪ್ರಸಂಗದ ಅಂಚಿನಲ್ಲಿ ಅದು ವಚನದಿಂದ ಬಂದದ್ದೋ, ಪುರಾಣದಿಂದ ಬಂದದ್ದೋ, ಲೇಖಕನದೋ ಎಂದು ಗುರುತಿಸಿಕೊಂಡು.

ಓದುಗ: ಹಾಗೆ ಗುರುತಿಸಿದ ಮೇಲೂ ಒಂದು ಭಿನ್ನಾಭಿಪ್ರಾಯ ಉಳಿಯುತ್ತದೆ. ಕೆಲವು ಮೌನಗಳನ್ನು ತುಂಬದೆ ಬಿಡುವುದೇ ಗೌರವ. ನೀಲಾಂಬಿಕೆ ತಂಗಡಗಿಯಲ್ಲಿ ಕೊನೆಯದಾಗಿ ಏನನ್ನು ಯೋಚಿಸಿದಳೆಂಬುದು ಅವಳಿಗೆ ಸೇರಿದ್ದು. ಅದನ್ನು ಪುಟಗಟ್ಟಲೆ ಬರೆಯುವ ಅಧಿಕಾರ ಯಾರಿಗೂ ಇದ್ದಂತಿಲ್ಲ.

ವಿಮರ್ಶಕಿ: ಬರೆಯದೆ ಬಿಟ್ಟರೆ ಮೌನ ಖಾಲಿಯಾಗಿ ಉಳಿಯುವುದಿಲ್ಲ, ಆ ಜಾಗವನ್ನು ಪವಾಡವೋ ಉಪದೇಶವೋ ಆಕ್ರಮಿಸುತ್ತದೆ. ಅದಕ್ಕಿಂತ ಊಹೆ ಲೇಸು. ಷರತ್ತು ಒಂದೇ, ಊಹೆ ತನ್ನನ್ನು ಇತಿಹಾಸವೆಂದು ತೋರಿಸಿಕೊಳ್ಳಬಾರದು. ಶರಣೆಯರು ತಾವಾಡಿದ ಪ್ರತಿ ಮಾತಿಗೂ ಅಂಕಿತವಿಟ್ಟು ಹೊಣೆ ಹೊತ್ತರು. ಅವರ ಪ್ರೀತಿಯನ್ನೂ ಅಗಲಿಕೆಯನ್ನೂ ಬರೆಯುವ ಕಾದಂಬರಿಕಾರ ತನ್ನ ಊಹೆಗೆ ಅಷ್ಟೇ ಹೊಣೆ ಹೊರಬೇಕು, ಓದುವವರು ಆ ಊಹೆಯನ್ನು ಗುರುತಿಸಿ ಒಪ್ಪುವ ಇಲ್ಲವೇ ಬಿಡುವ ಶ್ರಮವನ್ನು ವಹಿಸಬೇಕು. ಆ ಶ್ರಮವಿಲ್ಲದೆ ಮೆಚ್ಚಿದರೂ ಖಂಡಿಸಿದರೂ ಅದು ಓದು ಎನಿಸುವುದಿಲ್ಲ.